ಕಾಣದ ನೋವನ್ನು ನಂಬುವುದು



ಭಾನುವಾರದ ದಿವ್ಯ ಬಲಿಪೂಜೆಯಲ್ಲಿ ಎಲ್ಲರೂ ಮೊಣಕಾಲೂರುವ ಹೊತ್ತಿಗೆ ಹಿಂದಿನ ಬೆಂಚಿನಲ್ಲಿ ಒಬ್ಬರು ಕುಳಿತೇ ಇರುವುದನ್ನು ನೀವು ಗಮನಿಸಿರಬಹುದು. ಅವರ ಕಾಲಿಗೆ ಕಟ್ಟಿಲ್ಲ, ಪಕ್ಕದಲ್ಲಿ ಊರುಗೋಲಿಲ್ಲ, ಮುಖದಲ್ಲಿ ಕಾಯಿಲೆಯ ಕಳೆಯೂ ಇಲ್ಲ. ಪೂಜೆ ಮುಗಿದು ಜನ ಅಂಗಳಕ್ಕೆ ಇಳಿದಾಗ ಯಾರೋ ಒಬ್ಬರು, ಮೊನ್ನೆ ಮದುವೆ ಮನೆಯಲ್ಲಿ ಚೆನ್ನಾಗಿಯೇ ಓಡಾಡಿಕೊಂಡಿದ್ದರಲ್ಲ ಎಂದು ಮೆಲುದನಿಯಲ್ಲಿ ಹೇಳುತ್ತಾರೆ. ಆ ಮಾತು ಅವರ ಕಿವಿಗೂ ಬೀಳುತ್ತದೆ. ಮುಂದಿನ ಭಾನುವಾರ ಅವರು ಎಲ್ಲರಂತೆ ಮೊಣಕಾಲೂರುತ್ತಾರೆ. ಸೋಮವಾರ, ಮಂಗಳವಾರ ಹಾಸಿಗೆ ಬಿಟ್ಟು ಏಳಲಾರರು. ಅದರ ಮುಂದಿನ ಭಾನುವಾರ ಅವರು ದೇವಾಲಯಕ್ಕೇ ಬರುವುದಿಲ್ಲ.

ಅನಾರೋಗ್ಯದಿಂದ ಮೊಣಕಾಲೂರಲು ಆಗದವರಿಗೆ ವಿನಾಯಿತಿ ಇದೆಯೆಂದು ರೋಮನ್ ಪೂಜಾಗ್ರಂಥದ ಸಾಮಾನ್ಯ ನಿಯಮಗಳೇ ಹೇಳುತ್ತವೆ. ಧರ್ಮಸಭೆಯ ನಿಯಮ ಇಷ್ಟು ಮೃದುವಾಗಿರುವಾಗ ನಮ್ಮ ಕಣ್ಣೇಕೆ ಅಷ್ಟು ಕಠಿಣವಾಗಿದೆ? ಕಾರಣ ಸರಳವಾದುದು. ಆ ನೋವು ನಮಗೆ ಕಾಣಿಸುವುದಿಲ್ಲ. ಕಾಣದ ದೇವರನ್ನು ನಂಬುತ್ತೇವೆಂದು ಪ್ರತಿ ಭಾನುವಾರ ವಿಶ್ವಾಸ ಪ್ರಮಾಣದಲ್ಲಿ ಘೋಷಿಸುವ ನಾವು, ಪಕ್ಕದಲ್ಲಿ ಕುಳಿತವರ ಕಾಣದ ನೋವನ್ನು ನಂಬಲು ಮಾತ್ರ ಪುರಾವೆ ಕೇಳುತ್ತೇವೆ. ಈ ಪುರಾವೆಯ ಪ್ರಶ್ನೆಯನ್ನೇ ನಿಮ್ಮ ಮುಂದೆ ಇಡಬೇಕೆಂದು ಈ ಲೇಖನ.

ಮೊದಲಿಗೆ ನೋವಿನ ಸ್ವರೂಪವನ್ನು ಸ್ವಲ್ಪ ತಿಳಿಯೋಣ. ನೋವು ಮೂಲತಃ ಕಾವಲುಗಾರ. ಇದನ್ನು ನಮ್ಮ ನಾಡಿನ ಜನರ ನಡುವೆಯೇ ಮನಗಂಡವರು ಡಾ. ಪಾಲ್ ಬ್ರಾಂಡ್. 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಮಿಷನರಿ ದಂಪತಿಗಳಿಗೆ ಹುಟ್ಟಿ, ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಕುಷ್ಠರೋಗಿಗಳ ಶಸ್ತ್ರಚಿಕಿತ್ಸಕರಾಗಿ ದುಡಿದ ಅವರು ಒಂದು ಸಂಗತಿಯನ್ನು ಸ್ಪಷ್ಟಪಡಿಸಿದರು. ಕುಷ್ಠರೋಗಿಗಳ ಬೆರಳುಗಳು ರೋಗದಿಂದ ತಾವಾಗಿಯೇ ಕೊಳೆತು ಬೀಳುತ್ತವೆಂದು ಜನ ನಂಬಿದ್ದರು. ಆದರೆ ರೋಗವು ನರಗಳನ್ನು ಮರಗಟ್ಟಿಸಿದ್ದರಿಂದ ರೋಗಿಗೆ ಬಿಸಿ ಪಾತ್ರೆಯ ಸುಡುವಿಕೆಯಾಗಲಿ, ಪಾದಕ್ಕೆ ಚುಚ್ಚಿದ ಮುಳ್ಳಾಗಲಿ ತಿಳಿಯುತ್ತಿರಲಿಲ್ಲ. ಗಾಯದ ಮೇಲೆ ಗಾಯವಾಗಿ ಕೈಕಾಲು ನಾಶವಾಗುತ್ತಿದ್ದವು. ನೋವು ಇಲ್ಲದಿರುವುದೇ ಅವರ ದುರಂತವಾಗಿತ್ತು. ನೋವು ಯಾರಿಗೂ ಬೇಡವಾದ ವರದಾನ ಎಂಬುದು ಬ್ರಾಂಡ್ ಅವರ ಖಚಿತ ಅಭಿಪ್ರಾಯ.

ಈ ಮಾತನ್ನು ನಮ್ಮ ಪ್ರಬೋಧನೆಗಳಲ್ಲಿ ಕೆಲವೊಮ್ಮೆ ಅವಸರದಲ್ಲಿ ಬಳಸುವುದುಂಟು. ಅಲ್ಲೊಂದು ಎಚ್ಚರಿಕೆ ಬೇಕು. ಬೆಂಕಿ ಬಿದ್ದಾಗ ಬಾರಿಸುವ ಗಂಟೆ ವರದಾನ ನಿಜ. ಬೆಂಕಿ ಆರಿ ವರ್ಷಗಳಾದ ಮೇಲೂ ಹಗಲೂ ರಾತ್ರಿ ಆ ಗಂಟೆ ನಿಲ್ಲದೆ ಬಾರಿಸುತ್ತಿದ್ದರೆ ಅದನ್ನು ವರದಾನವೆನ್ನುವವರು ಆ ಮನೆಯಲ್ಲಿ ಒಂದು ರಾತ್ರಿ ಮಲಗಿ ನೋಡಬೇಕು. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ಅಥವಾ ಮರುಕಳಿಸುವ ನೋವನ್ನು ವೈದ್ಯರು ದೀರ್ಘಕಾಲಿಕ ನೋವು ಎನ್ನುತ್ತಾರೆ. ಗಾಯ ಮಾಗಿದ ಮೇಲೂ ನರಮಂಡಲವು ಅತಿಸೂಕ್ಷ್ಮವಾಗಿಯೇ ಉಳಿದು, ಸಣ್ಣ ಸ್ಪರ್ಶವನ್ನೂ ಅಪಾಯವೆಂದು ಮೆದುಳಿಗೆ ಸುದ್ದಿ ಮುಟ್ಟಿಸುವುದು ಇಂಥ ನೋವುಗಳಲ್ಲಿ ಸಾಮಾನ್ಯ. ಫೈಬ್ರೊಮಯಾಲ್ಜಿಯ ಎಂಬ ಕಾಯಿಲೆಯನ್ನೇ ತೆಗೆದುಕೊಳ್ಳಿ. ಮೈಯೆಲ್ಲ ನೋವು, ಮಲಗಿ ಎದ್ದರೂ ಆರದ ದಣಿವು, ನಿದ್ರೆಗೆಟ್ಟ ರಾತ್ರಿಗಳು, ಮಂಕು ಕವಿದ ನೆನಪು. ಆದರೆ ಎಕ್ಸ್‌ರೇ ತೆಗೆದರೆ ಎಲ್ಲವೂ ಸರಿ, ರಕ್ತ ಪರೀಕ್ಷೆ ಮಾಡಿಸಿದರೆ ಎಲ್ಲವೂ ಸರಿ. ಇದು ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚಾಗಿ ಪತ್ತೆಯಾಗುತ್ತದೆ. ಏನೂ ಇಲ್ಲ ಎಂಬ ವರದಿಯನ್ನು ಹಿಡಿದು ಮನೆಗೆ ಬಂದ ತಾಯಿಗೆ ಆ ವರದಿಯೇ ಆರೋಪಪತ್ರವಾಗುತ್ತದೆ.

ಪರೀಕ್ಷೆಯಲ್ಲಿ ಕಾಣದ ನೋವು ಸುಳ್ಳು ಎಂಬ ಭಾವನೆ ವೈದ್ಯಶಾಸ್ತ್ರದ್ದಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಗಾಯಾಳುಗಳಿಗೆ ಚಿಕಿತ್ಸೆ ನೀಡಿದ್ದ ವೈದ್ಯ ಸೈಲಸ್ ವಿಯರ್ ಮಿಚೆಲ್, ಕತ್ತರಿಸಿ ತೆಗೆದ ಕಾಲಿನಲ್ಲಿ ಸೈನಿಕರು ಅನುಭವಿಸುತ್ತಿದ್ದ ನೋವನ್ನು 1870ರ ದಶಕದಲ್ಲೇ ವಿವರಿಸಿದ್ದರು. ಇಲ್ಲದ ಕಾಲು ನೋಯಬಲ್ಲದಾದರೆ, ಇರುವ ಬೆನ್ನು ಎಕ್ಸ್‌ರೇಯ ಅಪ್ಪಣೆಯಿಲ್ಲದೆ ನೋಯಬಾರದೆ? ನೋವಿನ ಅಧ್ಯಯನಕ್ಕಾಗಿಯೇ ಇರುವ ಅಂತರರಾಷ್ಟ್ರೀಯ ಸಂಘವು 1979ರಲ್ಲಿ ನೋವಿಗೆ ಕೊಟ್ಟ ವ್ಯಾಖ್ಯೆಯನ್ನು 2020ರಲ್ಲಿ ಪರಿಷ್ಕರಿಸಿತು. ನೋವು ಶರೀರದ ಅನುಭವವೂ ಹೌದು, ಭಾವನೆಯ ಅನುಭವವೂ ಹೌದು ಎಂಬುದು ಆ ವ್ಯಾಖ್ಯೆಯ ಸಾರ. ಅದಕ್ಕೆ ಸೇರಿಸಿದ ಟಿಪ್ಪಣಿಗಳಲ್ಲಿ ಒಂದು, ತನಗೆ ನೋವಿದೆಯೆಂದು ಒಬ್ಬ ವ್ಯಕ್ತಿ ಹೇಳಿದರೆ ಆ ಮಾತನ್ನು ಗೌರವಿಸಬೇಕೆನ್ನುತ್ತದೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣವೂ ದೀರ್ಘಕಾಲಿಕ ನೋವಿಗೆ ಪ್ರತ್ಯೇಕ ಸ್ಥಾನ ಕೊಟ್ಟಿದೆ. ವಿಜ್ಞಾನವೇ ನಂಬಿಕೆಯಿಂದ ಆರಂಭಿಸು ಎನ್ನುತ್ತಿರುವಾಗ ವಿಶ್ವಾಸಿಗಳ ಮನೆಗಳಲ್ಲಿ ಸಂಶಯ ಮೊದಲು ಬರುವುದು ಸೋಜಿಗವಲ್ಲವೇ?

ಇಲ್ಲಿ ಒಂದು ಮಾತು ಪ್ರಾಸಂಗಿಕವಾಗಿ. ಆಸ್ಪತ್ರೆಯಲ್ಲಿ ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟು ಹೇಳೆನ್ನುತ್ತಾರೆ. ಅದು ಅವರ ಅನುಕೂಲಕ್ಕೆ ಬೇಕಾದುದೇ. ಆದರೆ ನಮ್ಮ ಕನ್ನಡ ಈ ವಿಷಯದಲ್ಲಿ ಎಷ್ಟು ಶ್ರೀಮಂತವಾಗಿದೆ ನೋಡಿ! ಚಳುಕು, ಸೆಳೆತ, ಸಿಡಿತ, ತಿವಿತ, ಉರಿ, ಜೋಮು, ಹಿಂಡುವುದು, ಕೊರೆಯುವುದು, ಬೇನೆ. ಪ್ರತಿಯೊಂದೂ ಬೇರೆ. ಹಿರಿಯರು ಇವನ್ನು ತೂಕ ಮಾಡಿ ಬಳಸುತ್ತಿದ್ದರು, ಕೇಳುವವರಿಗೂ ಅರ್ಥವಾಗುತ್ತಿತ್ತು. ಇನ್ನೂ ಗಮನಾರ್ಹವಾದುದೆಂದರೆ ಕೈ ನೋಯುವುದಕ್ಕೂ ಮನ ನೋಯುವುದಕ್ಕೂ ನಾವು ಬಳಸುವುದು ಒಂದೇ ಕ್ರಿಯಾಪದವನ್ನು. ನೊಂದವರು ಎಂದರೆ ಮೈ ನೊಂದವರೋ ಮನ ನೊಂದವರೋ ಎಂದು ನಮ್ಮ ಭಾಷೆ ಕೇಳುವುದೇ ಇಲ್ಲ. ಸಂತ ಕ್ರಿಸ್ಟೋಫರರ ಹೆಸರಿನ ಹಾಸ್ಪಿಸನ್ನು 1967ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ, ಕ್ರೈಸ್ತ ವಿಶ್ವಾಸದಿಂದ ಪ್ರೇರಿತರಾದ ವೈದ್ಯೆ ಸಿಸಿಲಿ ಸಾಂಡರ್ಸ್, ದೈಹಿಕ, ಮಾನಸಿಕ, ಸಾಮಾಜಿಕ, ಆಧ್ಯಾತ್ಮಿಕ ಯಾತನೆಗಳು ಬೆಸೆದುಕೊಂಡಿರುವುದನ್ನು ಕಂಡು ಅದನ್ನು ಸಮಗ್ರ ನೋವು ಎಂದು ಕರೆದರು. ಕನ್ನಡದ ಕಿವಿಗೆ ಅದು ಹೊಸ ಸಂಗತಿಯೆನಿಸದು.

ಈ ಬೆಸುಗೆಯನ್ನು ಮರೆತಾಗಲೇ ಕುಟುಂಬಗಳಲ್ಲಿ ಅನರ್ಥವಾಗುವುದು. ವರ್ಷಗಟ್ಟಲೆ ನೋಯುವವರಲ್ಲಿ ಖಿನ್ನತೆ, ಆತಂಕ, ನಿದ್ರಾಹೀನತೆ ಬಹಳ ಹೆಚ್ಚು. ನೋವು ನಿದ್ರೆಯನ್ನು ಕೆಡಿಸುತ್ತದೆ, ಕೆಟ್ಟ ನಿದ್ರೆ ಮರುದಿನದ ನೋವನ್ನು ಹೆಚ್ಚಿಸುತ್ತದೆ, ಹೆಚ್ಚಿದ ನೋವು ಮನಸ್ಸನ್ನು ಕುಗ್ಗಿಸುತ್ತದೆ, ಕುಗ್ಗಿದ ಮನಸ್ಸಿಗೆ ಅದೇ ನೋವು ಇಮ್ಮಡಿಯಾಗಿ ತೋರುತ್ತದೆ. ನೋವನ್ನೂ ಮನಸ್ಥಿತಿಯನ್ನೂ ನಿಯಂತ್ರಿಸುವ ಮೆದುಳಿನ ದಾರಿಗಳು ಬಹುಪಾಲು ಒಂದನ್ನೊಂದು ಹಾದುಹೋಗುತ್ತವೆ. ಆದುದರಿಂದಲೇ ಅಮಿಟ್ರಿಪ್ಟಿಲಿನ್, ಡ್ಯುಲಾಕ್ಸೆಟಿನ್ ಮುಂತಾದ ಔಷಧಗಳನ್ನು ವೈದ್ಯರು ಖಿನ್ನತೆಗೂ ಕೊಡುತ್ತಾರೆ, ನರಸಂಬಂಧಿ ನೋವಿಗೂ ಕೊಡುತ್ತಾರೆ. ಮನೆಯವರು ಔಷಧದ ಚೀಟಿಯನ್ನೋದಿ, ಇದು ಮನೋರೋಗದ ಮಾತ್ರೆ, ವೈದ್ಯರಿಗೂ ಇವಳ ನೋವು ಕಲ್ಪನೆಯೆಂದು ಗೊತ್ತಾಗಿದೆ ಎಂದು ತೀರ್ಮಾನಿಸಿಬಿಡುತ್ತಾರೆ. ರೋಗಿಯು ನಾಚಿಕೆಯಿಂದ ಮಾತ್ರೆಯನ್ನು ಥಟ್ಟನೆ ನಿಲ್ಲಿಸುತ್ತಾರೆ, ಅದರಿಂದ ಇನ್ನಷ್ಟು ತೊಂದರೆಗೆ ಸಿಲುಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಮಾಡಲು ಬಿಡಬೇಡಿ. ವೈದ್ಯರನ್ನು ಕೇಳದೆ ಇಂಥ ಔಷಧವನ್ನು ನಿಲ್ಲಿಸಬಾರದು. ಮನೋವೈದ್ಯರ ಬಳಿಗೆ ಹೋಗಿಬರುವ ಮಾತ್ರಕ್ಕೆ ಬೆನ್ನಿನ ನೋವು ಸುಳ್ಳಾಗುವುದಿಲ್ಲ. ಆಪ್ತಸಮಾಲೋಚನೆ, ದೇಹಬಲಕ್ಕೆ ತಕ್ಕಂತೆ ಸ್ವಲ್ಪಸ್ವಲ್ಪವೇ ಹೆಚ್ಚಿಸುವ ವ್ಯಾಯಾಮ, ನಿದ್ರೆಯ ಶಿಸ್ತು ಇವೆಲ್ಲ ನೋವಿನ ಚಿಕಿತ್ಸೆಯ ಭಾಗಗಳೇ.

ಇನ್ನು ನಮ್ಮ ಧರ್ಮಕೇಂದ್ರಗಳಲ್ಲಿ ಕೇಳಿಬರುವ ಒಂದು ಸಲಹೆಯನ್ನು ಪರಿಶೀಲಿಸಬೇಕು. ನೋವನ್ನು ಶಿಲುಬೆಗೆ ಒಪ್ಪಿಸಿಬಿಡಿ ಎಂಬುದೇ ಆ ಸಲಹೆ. ಈ ಭಕ್ತಿ ಹುಸಿಯಲ್ಲ. ಗುಂಡೇಟಿನಿಂದ 1981ರಲ್ಲಿ ಸಾವಿನ ದವಡೆಯಿಂದ ಪಾರಾದ ವಿಶ್ವಗುರು ಎರಡನೇ ಜಾನ್ ಪಾಲ್, 1984ರ ಫೆಬ್ರವರಿ 11ರಂದು ಪ್ರಕಟಿಸಿದ ಪ್ರೇಷಿತ ಪತ್ರದಲ್ಲಿ, ಮಾನವ ಯಾತನೆಯು ಕ್ರಿಸ್ತನ ಯಾತನೆಯೊಡನೆ ಒಂದಾಗಬಲ್ಲದೆಂದು ಆಳವಾಗಿ ವಿವರಿಸಿದ್ದಾರೆ. ಆದರೆ ಆ ಪತ್ರವು ಅಲ್ಲಿಗೇ ನಿಲ್ಲುವುದಿಲ್ಲ. ಅದರ ಕೊನೆಯ ದೊಡ್ಡ ಭಾಗ ದಯಾಳುವಾದ ಸಮಾರ್ಯದವನ ಕುರಿತಾದುದು. ನೋವುಂಡವನು ಏನು ಮಾಡಬೇಕೆಂದು ಕೇಳಿದ ಮೇಲೆ, ನೋಡಿದವನು ಏನು ಮಾಡಬೇಕೆಂದೂ ಅದು ಕೇಳುತ್ತದೆ. ನಾವು ಮೊದಲರ್ಧವನ್ನು ರೋಗಿಗೆ ಓದಿಹೇಳಿ, ಉಳಿದರ್ಧವನ್ನು ನಮಗೆ ನಾವು ಓದಿಕೊಳ್ಳದೆ ಪತ್ರವನ್ನು ಮಡಚಿಡುತ್ತೇವೆ.

ನನ್ನ ನೋವನ್ನು ನಾನು ದೇವರಿಗೆ ಒಪ್ಪಿಸಬಹುದು. ಅದು ನನ್ನ ಸ್ವಾತಂತ್ರ್ಯ, ನನ್ನ ಪ್ರಾರ್ಥನೆ. ಆದರೆ ಪರರ ನೋವನ್ನು ಒಪ್ಪಿಸುವ ಅಧಿಕಾರ ನನಗೆ ಯಾರು ಕೊಟ್ಟರು? ಜೆರಿಕೋ ದಾರಿಯಲ್ಲಿ ಬಿದ್ದಿದ್ದವನಿಗೆ ಆ ಯಾಜಕನು, ಸಹೋದರನೇ, ಇದನ್ನು ದೇವರಿಗೆ ಸಮರ್ಪಿಸು ಎಂದು ಹೇಳಿ ಮುಂದೆ ನಡೆದಿದ್ದರೆ ಕಥೆ ಉತ್ತಮವಾಗುತ್ತಿತ್ತೇ? ಕಾಣದವನಂತೆ ದಾಟಿಹೋಗುವುದಕ್ಕೂ ಉಪದೇಶ ಮಾಡಿ ದಾಟಿಹೋಗುವುದಕ್ಕೂ ಬಿದ್ದವನ ದೃಷ್ಟಿಯಿಂದ ವ್ಯತ್ಯಾಸ ಸ್ವಲ್ಪವೇ. ಒಪ್ಪಿಸು ಎಂಬ ಮಾತು ಬಹಳ ಸಲ ಸಾಕು ನಿಲ್ಲಿಸು ಎಂಬುದರ ಸಭ್ಯ ರೂಪವಾಗಿರುತ್ತದೆ. ಹೇಳುವವರಿಗೆ ಇದು ತಿಳಿಯದಿರಬಹುದು, ಕೇಳುವವರಿಗೆ ತಪ್ಪದೆ ತಿಳಿಯುತ್ತದೆ.

ಗೊಣಗುವುದು ವಿಶ್ವಾಸದ ಕೊರತೆ ಎಂಬ ಇನ್ನೊಂದು ಕಲ್ಪನೆಯೂ ಇದೆ. ಪವಿತ್ರ ಗ್ರಂಥವನ್ನು ತೆರೆದರೆ ಈ ಕಲ್ಪನೆ ನಿಲ್ಲುವುದಿಲ್ಲ. ಯೋಬನ ಮೂವರು ಗೆಳೆಯರು ಅವನ ಪಕ್ಕದಲ್ಲಿ ಏಳು ದಿನ ಏಳು ರಾತ್ರಿ ಒಂದು ಮಾತೂ ಆಡದೆ ನೆಲದ ಮೇಲೆ ಕುಳಿತರು. ಇಡೀ ಗ್ರಂಥದಲ್ಲಿ ಅವರು ಮಾಡಿದ ಅತ್ಯುತ್ತಮ ಕಾರ್ಯ ಅದು. ಬಾಯಿ ತೆರೆದೊಡನೆ ಅವರು ದೇವರ ಪರವಾಗಿ ವಕೀಲರಾದರು; ನೀನೇನೋ ತಪ್ಪು ಮಾಡಿರಬೇಕು ಎಂದರು. ಯೋಬನಾದರೋ ತಾನು ಹುಟ್ಟಿದ ದಿನವನ್ನೇ ಶಪಿಸಿದ, ದೇವರನ್ನೇ ವಾದಕ್ಕೆ ಕರೆದ. ಕೊನೆಗೆ ಸರ್ವೇಶ್ವರನ ತೀರ್ಪು ಬಂದಾಗ, ತನ್ನ ವಿಷಯವಾಗಿ ಸರಿಯಾಗಿ ಮಾತನಾಡಿದವನು ಯೋಬನೇ ಹೊರತು ಆ ಗೆಳೆಯರಲ್ಲ ಎಂದಾಯಿತು. ಎಂಬತ್ತೆಂಟನೆಯ ಕೀರ್ತನೆಯಂತೂ ಒಂದು ಬೆಳಕಿನ ಕಿರಣವೂ ಇಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ನಮ್ಮ ಪ್ರಾರ್ಥನಾ ಪುಸ್ತಕದಿಂದ ಯಾರೂ ತೆಗೆದುಹಾಕಲಿಲ್ಲ. ಸಂತ ಪೌಲನು ತನ್ನ ಶರೀರದಲ್ಲಿ ನಾಟಿದ ಮುಳ್ಳನ್ನು ತೆಗೆಯೆಂದು ಮೂರು ಸಲ ಬೇಡಿಕೊಂಡ. ಅವನ ಪ್ರಾರ್ಥನೆಗೆ ಬಂದ ಉತ್ತರವನ್ನು ನಾವು ಬೇಗ ನೆನಪಿಸಿಕೊಳ್ಳುತ್ತೇವೆ, ಬೇಡಿಕೊಂಡುದನ್ನು ಮರೆಯುತ್ತೇವೆ. ಗೆತ್ಸೆಮನೆಯಲ್ಲಿ ಪ್ರಭು ಯೇಸುವೂ ಪಾತ್ರೆಯು ತನ್ನಿಂದ ದೂರವಾಗಲಿ ಎಂದು ಕೇಳಿದರು. ಶಿಷ್ಯರಿಂದ ಅವರು ಬಯಸಿದ್ದು ಪರಿಹಾರವನ್ನಲ್ಲ, ಎಚ್ಚರವಾಗಿ ಜೊತೆಗಿರುವುದನ್ನು. ಅವರು ನಿದ್ದೆ ಮಾಡಿದರು.

ಗುಣವಾಗಲಿಲ್ಲವೆಂದರೆ ವಿಶ್ವಾಸ ಸಾಲದು, ಅಥವಾ ಪೂರ್ವಜರ ಪಾಪವೇನೋ ಅಡ್ಡಬಂದಿದೆ ಎಂದು ಕೆಲವು ಪ್ರಾರ್ಥನಾಕೂಟಗಳಲ್ಲಿ ಹೇಳುವುದನ್ನು ಕೇಳಿ ನೊಂದವರಿದ್ದಾರೆ. ಹುಟ್ಟುಕುರುಡನನ್ನು ಕಂಡು ಪಾಪ ಯಾರದು ಎಂದು ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಆ ಪ್ರಶ್ನೆಯನ್ನೇ ತಳ್ಳಿಹಾಕಿದರೆಂಬುದು ಯೊವಾನ್ನನ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿದೆ. ಅದಕ್ಕಿಂತ ಹೆಚ್ಚಿನ ವಿವರಣೆ ಇಲ್ಲಿ ಬೇಕಾಗಿಲ್ಲ.

ನೋವುಶಾಮಕ ಸೇವಿಸುವುದು ತಪ್ಪೇ ಎಂಬ ಅಳುಕು ಹಿರಿಯರಲ್ಲಿ ಇಂದಿಗೂ ಇದೆ. ಶಿಲುಬೆಗೇರಿಸುವ ಮುನ್ನ ನೀಡಿದ ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ಯೇಸು ಕುಡಿಯಲಿಲ್ಲವಲ್ಲ ಎಂದು ಅವರು ಕೇಳುತ್ತಾರೆ. 1957ರ ಫೆಬ್ರವರಿ 24ರಂದು ಅರಿವಳಿಕೆ ತಜ್ಞರನ್ನುದ್ದೇಶಿಸಿ ಮಾತನಾಡುತ್ತಾ ವಿಶ್ವಗುರು ಹನ್ನೆರಡನೇ ಪಯಸ್ ಈ ಸಂಶಯವನ್ನು ಬಗೆಹರಿಸಿದ್ದಾರೆ. ನೋವನ್ನು ನೋವಿಗಾಗಿಯೇ ಬಯಸಬೇಕೆಂಬ ಕಟ್ಟಳೆ ಕ್ರೈಸ್ತನಿಗಿಲ್ಲ, ವೈದ್ಯರ ಮಾರ್ಗದರ್ಶನದಲ್ಲಿ ಅದನ್ನು ಶಮನಗೊಳಿಸಿಕೊಳ್ಳುವುದು ನೈತಿಕವಾಗಿ ಒಪ್ಪತಕ್ಕದ್ದೆಂಬುದು ಅವರ ಬೋಧನೆಯ ತಾತ್ಪರ್ಯ.

ಈಗ ಹೇಳಲು ಕಷ್ಟವಾದ ಒಂದು ಮಾತು. ಬಾಲಯೇಸುವಿನ ಸಂತ ತೆರೇಸಮ್ಮನವರ ಚಿತ್ರ ನಮ್ಮಲ್ಲಿ ಅನೇಕರ ಮನೆಗಳಲ್ಲಿದೆ. ಗುಲಾಬಿ ಹೂಗಳನ್ನು ಹಿಡಿದ ಆ ಶಾಂತ ಮುಖದ ಹಿಂದೆ ಏನಿತ್ತೆಂದು ನಾವು ಯೋಚಿಸುವುದು ಅಪರೂಪ. ಕ್ಷಯರೋಗ ಅವರ ಶ್ವಾಸಕೋಶವನ್ನೂ ಕರುಳನ್ನೂ ತಿಂದುಹಾಕಿತ್ತು. ನೋವು ಶಮನಗೊಳಿಸುವ ಮಾರ್ಫಿನ್ ಅವರಿಗೆ ದೊರೆಯಲಿಲ್ಲ. 1897ರ ಆ ಕೊನೆಯ ದಿನಗಳಲ್ಲಿ, ವಿಶ್ವಾಸವಿಲ್ಲದಿದ್ದರೆ ತಾನು ಪ್ರಾಣ ಕಳೆದುಕೊಳ್ಳುತ್ತಿದ್ದೆನೆಂದು ಅವರು ಮಠದ ಸೋದರಿಯರಿಗೆ ಮುಚ್ಚುಮರೆಯಿಲ್ಲದೆ ಹೇಳಿದರು. ಇಂಥ ನೋವಿನಲ್ಲಿರುವವರ ಕೈಗೆಟುಕುವಲ್ಲಿ ವಿಷಕರವಾದ ಔಷಧಗಳನ್ನು ಇಡಬಾರದೆಂದು ಎಚ್ಚರಿಸಿದರು. ಇಪ್ಪತ್ತನಾಲ್ಕು ವರ್ಷದ ಈ ಯುವತಿಯನ್ನು ಧರ್ಮಸಭೆ ಸಂತಳೆಂದಷ್ಟೇ ಅಲ್ಲ, 1997ರಲ್ಲಿ ಧರ್ಮಸಭೆಯ ಪಂಡಿತಳೆಂದೂ ಘೋಷಿಸಿತು. ಆದುದರಿಂದ ನಿಮ್ಮ ಮನೆಯಲ್ಲಿ ನೋಯುತ್ತಿರುವವರ ಬಾಯಿಂದ, ಇನ್ನು ಬದುಕಿರಬಾರದು ಎಂಬ ಮಾತು ಬಂದರೆ ಬೆಚ್ಚಿ ಬಾಯಿ ಮುಚ್ಚಿಸಬೇಡಿ, ಪಾಪವೆಂದು ಗದರಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮಾತ್ರೆಗಳ ಡಬ್ಬಿಯನ್ನು ನಿಮ್ಮ ವಶದಲ್ಲಿಟ್ಟುಕೊಳ್ಳಿ, ಅವರನ್ನು ಒಂಟಿಯಾಗಿ ಬಿಡಬೇಡಿ, ವೈದ್ಯರಿಗೆ ತಿಳಿಸಿ. ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಈಗಾಗಲೇ ಇಂಥ ಸಾವನ್ನು ಕಂಡ ಕುಟುಂಬಗಳು ನಮ್ಮ ನಡುವೆ ಮೌನವಾಗಿ ಬದುಕುತ್ತಿವೆ. ತೀವ್ರ ಮಾನಸಿಕ ಕ್ಷೋಭೆ ಮತ್ತು ಯಾತನೆಯ ಭಯ ಅಂಥವರ ಹೊಣೆಯನ್ನು ಕಡಿಮೆ ಮಾಡಬಲ್ಲದೆಂದೂ, ಅವರ ನಿತ್ಯಜೀವದ ವಿಷಯದಲ್ಲಿ ನಾವು ನಿರಾಶರಾಗಬಾರದೆಂದೂ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಸ್ಪಷ್ಟವಾಗಿ ಹೇಳುತ್ತದೆಂಬುದನ್ನು ಅವರಿಗೆ ಯಾರಾದರೂ ಹೇಳಬೇಕು.

ಕರ್ಮೆಲ್ ಬೆಟ್ಟದ ವಿಜಯದ ಮರುದಿನಗಳಲ್ಲಿ ಪ್ರವಾದಿ ಎಲೀಯನೂ ಗಿಡವೊಂದರ ಕೆಳಗೆ ಮಲಗಿ ಸಾವನ್ನು ಬೇಡಿದ್ದ. ದೇವದೂತನು ಅವನಿಗೆ ಪ್ರಬೋಧನೆ ಮಾಡಲಿಲ್ಲ. ಬಿಸಿ ರೊಟ್ಟಿ ಮತ್ತು ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ, ಎರಡನೆಯ ಸಲವೂ ಬಂದು ಎಬ್ಬಿಸಿ ಉಣ್ಣಿಸಿದ. ದಾರಿ ದೂರವಿದೆ ಎಂಬುದನ್ನು ಒಪ್ಪಿಕೊಂಡ. ದೇವರ ವಾಣಿ ಕೇಳಿಸಿದ್ದು ಇದೆಲ್ಲ ಆದ ಮೇಲೆ.

ಯಾರಾದರೂ ನಟಿಸುತ್ತಿದ್ದರೆ ಏನು ಮಾಡುವುದೆಂದು ನೀವು ಕೇಳಬಹುದು. ನಟಿಸುವವರು ಇದ್ದಾರು. ನಟಿಸುವ ಒಬ್ಬರನ್ನು ನಂಬಿ ನಾವು ಕಳೆದುಕೊಳ್ಳುವುದು ಸ್ವಲ್ಪ ಸಮಯ, ಸ್ವಲ್ಪ ಹಣ. ನಿಜವಾಗಿ ನೋಯುವವರನ್ನು ನಂಬದೆ ಹೋದರೆ ಅವರು ಕಳೆದುಕೊಳ್ಳುವುದು ಮನೆಯೊಳಗಿನ ತಮ್ಮ ಸ್ಥಾನವನ್ನೇ. ಎರಡು ತಪ್ಪುಗಳಲ್ಲಿ ಒಂದನ್ನು ಆರಿಸಲೇಬೇಕಾದರೆ ಮೊದಲನೆಯದನ್ನೇ ಆರಿಸುವುದು ಮೇಲೆಂದು ನನ್ನ ಎಣಿಕೆ.

ನೋಯುತ್ತಿರುವ ಓದುಗರಿಗೂ ಒಂದು ಮಾತು ಹೇಳಬೇಕು, ತಪ್ಪಾಗಿ ತಿಳಿಯಬೇಡಿ. ನೋವು ಮನೆಯ ಯಜಮಾನಿಕೆಯನ್ನು ವಹಿಸಿಕೊಳ್ಳಲು ಸದಾ ಹವಣಿಸುತ್ತದೆ. ಮಕ್ಕಳ ನಗು, ಸೊಸೆಯ ಬಿಡುವು, ಗಂಡನ ನಿದ್ದೆ ಎಲ್ಲವನ್ನೂ ಅದು ಕಂದಾಯವಾಗಿ ಕೇಳುತ್ತದೆ. ನಿಮ್ಮನ್ನು ನೋಡಿಕೊಳ್ಳುವವರಿಗೂ ದಣಿವಿದೆ. ಅವರು ಒಂದು ಸಂಜೆ ಹೊರಗೆ ಹೋದರೆ ಅದು ನಿಮ್ಮನ್ನು ತೊರೆದಂತಲ್ಲ. ಹಾಗೆಯೇ ಮನೆಯವರು ರೋಗಿಯಿಂದ ಎಲ್ಲ ಕೆಲಸವನ್ನೂ ಕಸಿದುಕೊಳ್ಳುವುದೂ ಪ್ರೀತಿಯಲ್ಲ. ಕುಳಿತು ಧರ್ಮೋಪದೇಶ ಕಲಿಸಬಲ್ಲವರು, ಮನೆಯಿಂದಲೇ ಫೋನಿನಲ್ಲಿ ಜಪಸರ ನಡೆಸಬಲ್ಲವರು, ಲೆಕ್ಕಪತ್ರ ನೋಡಬಲ್ಲವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಇಂದು ಆಗುವುದಿಲ್ಲ ಎಂದು ಹೇಳುವ ಸ್ವಾತಂತ್ರ್ಯವನ್ನಷ್ಟು ಕೊಟ್ಟು, ಅವರನ್ನು ಕೇಳಬೇಕು. ವ್ಯಾಧಿಸ್ಥರ ಅಭ್ಯಂಗನ ಸಂಸ್ಕಾರವು ಸಾಯುವವರಿಗೆ ಮಾತ್ರ ಮೀಸಲಲ್ಲ ಎಂಬುದನ್ನೂ ನೆನಪಿಡಿ, ಗುರುಗಳಲ್ಲಿ ಕೇಳಿ.

ನೀವು ಇಂಥವರ ಮನೆಗೆ ಭೇಟಿಕೊಡುವುದಾದರೆ ಮೊದಲು ಫೋನ್ ಮಾಡಿ. ಅತಿಥಿ ಬರುತ್ತಾರೆಂದು ನೋವಿನ ಬೆನ್ನು ಹೊತ್ತು ಮನೆ ಗುಡಿಸುವುದು ಬೇಡವೆಂದು ಹೇಳಿ. ಕಾಫಿ ಮಾಡಲು ಏಳಗೊಡಬೇಡಿ. ನಿಮಗೆ ಗೊತ್ತಿರುವ ಎಣ್ಣೆ, ಲೇಹ್ಯ, ಯಾರಿಗೋ ಗುಣವಾದ ಕಥೆ ಇವನ್ನು ಬಾಗಿಲ ಹೊರಗೇ ಬಿಟ್ಟುಬನ್ನಿ. ನೋವು ಹೇಗಿದೆ ಎಂಬ ಪ್ರಶ್ನೆಗೆ ಪರವಾಗಿಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆದುದರಿಂದ ನಿನ್ನೆ ರಾತ್ರಿ ಎಷ್ಟು ಹೊತ್ತು ನಿದ್ದೆ ಬಂತು ಎಂದು ಕೇಳಿ, ಉತ್ತರ ಮುಗಿಯುವವರೆಗೂ ಕಾಯಿರಿ. ಅರ್ಧ ಗಂಟೆಯಲ್ಲಿ ಏಳಿ. ಹೊರಡುವಾಗ ಮತ್ತೆ ಯಾವ ದಿನ ಬರಲೆಂದು ಕೇಳಿ, ಹೇಳಿದ ದಿನ ಬನ್ನಿ. ಅಂದು ಅವರು ಮಾತನಾಡುವ ಸ್ಥಿತಿಯಲ್ಲಿಲ್ಲದಿದ್ದರೆ ಸಾರಿನ ಪಾತ್ರೆಯನ್ನು ಬಾಗಿಲಲ್ಲೇ ಕೊಟ್ಟು ಹಿಂದಿರುಗಿ.